ಕೊನೇ ಪೀರಿಯಡ್ಡು ಯಾರದ್ದು?

ಶಾಲೆಯ ಟೈಂಟೇಬಲ್ಲಿನಲ್ಲಿ ಎಲ್ಲಕ್ಕಿಂತ ಬಡಪಾಯಿ ಪೀರಿಯಡ್ಡು ಯಾವುದು ಅಂತ ಯಾರಾದರೂ ಕೇಳಿದರೆ ಯೋಚನೆ ಮಾಡದೇ ಹೇಳಿಬಿಡಬಹುದು. ಪಿ.ಟಿ.! ಅದರ ತಮ್ಮ ಡ್ರಾಯಿಂಗು, ತಂಗಿ ಕ್ರಾಫ್ಟು. ಗಣಿತದ ಪೋರ್ಷನ್ ಉಳಿದುಬಿಟ್ಟಿದೆಯಾ? ಪಿ.ಟಿ. ಪೀರಿಯಡ್ ತಗೊಳ್ಳಿ. ನಾಳೆ ವಿಜ್ಞಾನದ ಟೆಸ್ಟಾ? ಡ್ರಾಯಿಂಗ್ ಪೀರಿಯಡ್ಡಲ್ಲಿ ಓದ್ಕೊಳ್ಳಿ. ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬರ್ತಾರಾ? ಕ್ರಾಫ್ಟ್ ಪೀರಿಯಡ್ಡಲ್ಲಿ ಅಂಗಳ ಗುಡಿಸಿ, ಕಲ್ಲಿಗೆ ಸುಣ್ಣ ಬಳೀರಿ. ಎಸ್.ಯು.ಪಿ.ಡಬ್ಲ್ಯೂ. ಅಂತ ಒಂದಿತ್ತಲ್ಲ, ಅದನ್ನ ‘ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್’ ಅಂತ ಬಿಡಿಸಿ ಹೇಳಿ ಪಟ್ಟಣದ ಮಕ್ಕಳು ನಗ್ತಿದ್ದರಂತೆ. ನಮಗೆ ಆ ಜೋಕು ಅರ್ಥ ಆಗೋವಷ್ಟು ಇಂಗ್ಲಿಷೂ ಬರ್ತಿರ್ಲಿಲ್ಲ, ಅದು ಬೇರೆ ಮಾತು :-)

ಇವತ್ತು ನಾನು ಬರೀತಿರೋದು ಆ ಬಡಪಾಯಿಯ ಪರವಾಗಿ. ಬರೀ ಪಿ.ಟಿ. ಬಗ್ಗೆ ಅಲ್ಲ. ದಿನಕ್ಕೋ ವಾರಕ್ಕೋ ಒಂದಿಷ್ಟು ಹೊತ್ತು, ಶಾಲೆಯ ಸಮಯದ ಒಳಗೇ, ಏನು ಮಾಡಬೇಕು ಅನ್ನೋದನ್ನ ಮಗುವೇ ಆರಿಸಿಕೊಳ್ಳುವಂಥ ಒಂದು ಹೊತ್ತಿನ ಬಗ್ಗೆ. ‘ಶಾಲೆಯ ಸಮಯದ ಒಳಗೇ’ ಅನ್ನೋದಕ್ಕೆ ದಯವಿಟ್ಟು ಒಂದು ಅಡಿಗೆರೆ ಹಾಕಿಕೊಳ್ಳಿ. ಬೆಂಗಳೂರಲ್ಲಿ ನನ್ನ ಟೀಮಿನವರ ಹತ್ತಿರ ಈ ಮಾತು ತೆಗೆದರೆ, "ಅದಕ್ಕೇನೀಗ, ಸ್ಕೂಲ್ ಬಿಟ್ಟ ಮೇಲೆ ಯಾವುದಾದ್ರೂ ಕ್ಲಾಸಿಗೆ ಕಳಿಸಿದ್ರಾಯ್ತು" ಅಂತಾರೆ. ಕರಾಟೆ, ಕೀಬೋರ್ಡು, ಈಜು, ಚೆಸ್ಸು... ಅವರ ಅಪಾರ್ಟ್‌ಮೆಂಟಿನ ಲಿಫ್ಟ್ ಇಳಿದರೆ ಎಲ್ಲ ಅಲ್ಲೇ ಇದೆ. ‘ಸ್ಕೂಲ್ ಬಿಟ್ಟ ಮೇಲೆ’ ಅನ್ನೋ ಒಂದು ಹೊತ್ತು ಎಲ್ಲ ಮಕ್ಕಳಿಗೂ ಇದ್ದೇ ಇರುತ್ತೆ ಅಂತ ಅವರು ಅಂದುಕೊಂಡಿದ್ದಾರೆ.

ನಮ್ಮ ಕಡೆ ಇರಲ್ಲ ಕಣ್ರೀ.

ನಮ್ಮ ಕಡೆ ಅಂದ್ರೆ ಮೈಸೂರಿನಿಂದ ಪಶ್ಚಿಮಕ್ಕೆ ಹರಡಿಕೊಂಡಿರೋ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ನಾನು ಹುಟ್ಟಿ ಓದಿದ್ದು ಕೋಟೆ ತಾಲ್ಲೂಕಿನಲ್ಲಿ. ಅಮ್ಮನ ತವರು ಪಿರಿಯಾಪಟ್ಟಣದ ಹತ್ತಿರದ ಹಳ್ಳಿ, ಪಿಯುಸಿ ಮಾಡಿದ್ದು ಹುಣಸೂರಲ್ಲಿ, ಅಕ್ಕನನ್ನ ಕೊಟ್ಟಿರೋದು ಕೆ.ಆರ್.ನಗರದ ಕಡೆಗೆ. ಹಾಗಾಗಿ ನಾಲ್ಕೂ ತಾಲ್ಲೂಕಿನ ಸಂಜೆಗಳು ನನಗೆ ಗೊತ್ತು.

ಹುಣಸೂರು-ಪಿರಿಯಾಪಟ್ಟಣದ ಸಂಜೆ ಅಂದ್ರೆ ಹೊಗೆಸೊಪ್ಪು. ಮೇ ತಿಂಗಳ ಮಳೆಗೆ ಸಸಿ ನಾಟಿ ಮಾಡಿದರೆ, ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆಲ್ಲ ಎಲೆ ಮುರಿಯೋ ಕೆಲಸ ಶುರು. ಮುರಿದ ಎಲೆಯನ್ನ ಅವತ್ತೇ ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು, ಹಗಲು-ರಾತ್ರಿ ಬೆಂಕಿ ಕಾಯಬೇಕು, ಇಳಿಸಿ ಗ್ರೇಡ್ ಮಾಡಬೇಕು. ಆಮೇಲೆ ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ಹರಾಜಿಗೆ ಹೊರಡಬೇಕು. ಈ ಕಡ್ಡಿಗೆ ಎಲೆ ಕಟ್ಟೋದಿದೆಯಲ್ಲ, ಅದು ಹೆಂಗಸರ ಮತ್ತು ಮಕ್ಕಳ ಕೆಲಸ. ಬ್ಯಾಗ್ ಜಗುಲಿ ಮೇಲೆ ಎಸೆದು ನೇರ ಸೊಪ್ಪಿನ ರಾಶಿ ಮುಂದೆ ಕೂತ್ಕೊಂಡ್ರೆ ಎದ್ದೇಳೋದು ಕತ್ತಲಾದ ಮೇಲೆ. ಕೈಗೆ ಕಪ್ಪಗೆ ಅಂಟು ಮೆತ್ತಿಕೊಂಡಿರುತ್ತೆ, ಎರಡು ಸಲ ಸೋಪು ಹಾಕಿದ್ರೂ ರಾತ್ರಿ ಮುದ್ದೆ ಕಹಿ ಕಹಿ. ಅಜ್ಜಿ ಮನೆಗೆ ಹೋದಾಗ ನಾನೂ ಕಟ್ಟಿದ್ದೀನಿ. ನನಗೆ ಅದು ರಜೆಯ ಆಟ. ನನ್ನ ಮಾವನ ಮಕ್ಕಳಿಗೆ ಅದೇ ಸಂಜೆ.

ಕೋಟೆ ಕಡೆ ಕಥೆ ಬೇರೆ. ಒಂದು ಪಕ್ಕ ನಾಗರಹೊಳೆ, ಇನ್ನೊಂದು ಪಕ್ಕ ಬಂಡೀಪುರ, ನಡುವೆ ಕಬಿನಿ ಹಿನ್ನೀರು. ಕಾಡಂಚಿನ ಊರುಗಳಲ್ಲಿ ಹೊತ್ತು ಮುಳುಗೋದರೊಳಗೆ ಮಕ್ಕಳು, ದನ ಎರಡೂ ಮನೆ ಸೇರಬೇಕು. ಆನೆಗೆ ನಿಮ್ಮ ಖೋ-ಖೋ ಪ್ರಾಕ್ಟೀಸು ಗೊತ್ತಾಗಲ್ಲ. ಪಕ್ಕದೂರಿನ ಶಾಲೆಗೆ ಬರೋ ಮಕ್ಕಳಿಗೆ ಸಂಜೆಯ ಒಂದೇ ಬಸ್ಸು. ಅದು ಹೋಯ್ತು ಅಂದ್ರೆ ಹೋಯ್ತು. ಕೆ.ಆರ್.ನಗರ ನಾಲೆ ನೀರಿನ, ಭತ್ತದ ಸೀಮೆ, ಸ್ವಲ್ಪ ಅನುಕೂಲಸ್ಥರು ಜಾಸ್ತಿ. ಅಲ್ಲಿ ಮಕ್ಕಳ ಸಂಜೆಯನ್ನ ತಿನ್ನೋದು ಹಳದಿ ವ್ಯಾನು. ಬೆಳಿಗ್ಗೆ ಏಳೂವರೆಗೆ ಹತ್ತಿದ ಮಗು ಹತ್ತೂರು ಸುತ್ತಿ ಇಳಿಯೋದು ಐದೂವರೆ-ಆರಕ್ಕೆ, ಇಳಿದು ಟ್ಯೂಷನ್ನಿಗೆ.

ಇನ್ನು ಹುಡುಗಿಯರ ಸಂಜೆಯ ವಿಷಯ ಬಿಡಿ. ನೀರು, ಪಾತ್ರೆ, ತಮ್ಮ. ಅಷ್ಟೇ.

ಬೇಸಿಗೆ ಶಿಬಿರಗಳಿಲ್ವಾ ಅಂತ ಕೇಳಬಹುದು. ಇವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ನೋಡಿ ನನಗೆ ಹೊಟ್ಟೆ ಉರಿದದ್ದಿದೆ, ಅಷ್ಟು ಚೆನ್ನಾಗಿರುತ್ತೆ. ಆದರೆ ಪಿರಿಯಾಪಟ್ಟಣದ ಹಳ್ಳಿಯಿಂದ ದಿನಾ ಬೆಳಿಗ್ಗೆ ಮಗುವನ್ನ ಮೈಸೂರಿಗೆ ಬಿಟ್ಟು ಬರೋರು ಯಾರು?

ಹಾಗಾಗಿ ನಮ್ಮ ಮಕ್ಕಳಿಗೆ ಸ್ವಂತ ಅಂತ ಒಂದು ಹೊತ್ತು ಸಿಗೋದಾದ್ರೆ ಅದು ಶಾಲೆಯ ಗೇಟಿನ ಒಳಗೆ, ಗಂಟೆ ಹೊಡೆಯೋದರೊಳಗೆ ಮಾತ್ರ.

ತಮಾಷೆ ಅಂದ್ರೆ ಇದಕ್ಕೆ ತುಂಬಾ ಹತ್ತಿರದ ಒಂದು ಪ್ರಯೋಗ ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ. ‘ನಲಿ-ಕಲಿ’ ಅಂತ ನೀವು ಕೇಳಿರ್ತೀರಿ. ಅದು ಶುರುವಾಗಿದ್ದು 1995ರಲ್ಲಿ, ಎಚ್.ಡಿ.ಕೋಟೆಯಲ್ಲಿ, ಯುನಿಸೆಫ್ ಸಹಾಯದಿಂದ. ಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರು-ಮೇಡಮ್ಮುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಂತಾವೇ ಕಲಿಯೋದನ್ನ ನೋಡಿ ಬಂದು, ಇಲ್ಲಿಗೆ ಹೊಂದೋ ಹಾಗೆ ತಾವೇ ಕೂತು ಕಾರ್ಡುಗಳನ್ನ ಬರೆದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕೋಟೆ ಅಂದ್ರೆ ಹಿಂದುಳಿದ ತಾಲ್ಲೂಕು, ಸಫಾರಿ ರೆಸಾರ್ಟು, ಹುಲಿ ದಾಳಿ ಇಷ್ಟೇ ಅಂದುಕೊಂಡಿರೋರಿಗೆ ನಾನು ಈ ವಿಷಯವನ್ನ ಕಾಲರ್ ಎತ್ತಿಕೊಂಡು ಹೇಳ್ತೀನಿ.

ನಾನೂ ಆ ನಲಿ-ಕಲಿಯ ಕೂಸೇ. ಸಾಲಾಗಿ ಕೂರೋ ಬೆಂಚಿಲ್ಲ. ಚಾಪೆ ಮೇಲೆ ಗುಂಪು ಗುಂಪು. ಒಂದು ಗುಂಪಿಗೆ ಮೇಡಂ ಪೂರ್ತಿ ಜೊತೆಗಿರ್ತಾರೆ, ಒಂದಕ್ಕೆ ಅರ್ಧಂಬರ್ಧ, ಇನ್ನೊಂದರಲ್ಲಿ ಮಕ್ಕಳು ಮಕ್ಕಳಿಗೇ ಹೇಳಿಕೊಡೋದು, ಕೊನೇದರಲ್ಲಿ ನಮ್ಮಷ್ಟಕ್ಕೆ ನಾವೇ. ಗೋಡೆಯ ಕೆಳಗೆ, ನಮ್ಮ ಕೈಗೆ ಎಟುಕೋ ಎತ್ತರದಲ್ಲಿ ಒಬ್ಬೊಬ್ಬರಿಗೂ ಒಂದು ತುಂಡು ಕಪ್ಪುಹಲಗೆ. ತಲೆ ಮೇಲೆ ದಾರದ ಚಪ್ಪರ, ಅದಕ್ಕೆ ನಾವು ಕತ್ತರಿಸಿದ್ದು, ಬರೆದದ್ದು ತೂಗಾಡ್ತಿರೋದು. ಕಾರ್ಡಿನ ಮೇಲಿನ ಚಿತ್ರ ನೋಡಿ ನಮ್ಮ ಮೆಟ್ಟಿಲು ಎಲ್ಲಿದೆ ಅಂತ ನಾವೇ ಹುಡುಕಿ ತಗೋಬೇಕು. ಹದಿನೈದು ದಿನ ಹೊಗೆಸೊಪ್ಪಿಗೋ ಜ್ವರಕ್ಕೋ ತಪ್ಪಿಸಿಕೊಂಡ ಮಗು ವಾಪಸ್ ಬಂದ್ರೆ ಬಿಟ್ಟ ಮೆಟ್ಟಿಲಿಂದಲೇ ಶುರು. "ನೀನು ಹಿಂದೆ ಬಿದ್ದೆ" ಅಂತ ಹೇಳೋಕೆ ಅಲ್ಲಿ ಮುಂದೆ ಅನ್ನೋದೇ ಇರ್ಲಿಲ್ಲ.

ಹೊಗಳೋ ಭರದಲ್ಲಿ ಸುಳ್ಳು ಹೇಳಬಾರದು. ನಲಿ-ಕಲಿಯಲ್ಲಿ ಮಗುವಿಗೆ ಸಿಗೋದು ವೇಗದ ಸ್ವಾತಂತ್ರ್ಯ. ವಿಷಯದ ಆಯ್ಕೆ ಅಲ್ಲ, ಏಣಿ ಮೊದಲೇ ಕಟ್ಟಿಟ್ಟಿರುತ್ತೆ. ಜೊತೆಗೆ ಒಬ್ಬರೇ ಮೇಡಂ ಮೂರು ಕ್ಲಾಸಿನ ಮಕ್ಕಳನ್ನ ಇಟ್ಟುಕೊಂಡು ಒದ್ದಾಡಿದ್ದನ್ನೂ ನೋಡಿದೀನಿ. ಆದರೂ ‘ಮುಂದೇನು ಮಾಡಬೇಕು ಅಂತ ನಾನೇ ನೋಡ್ಕೋತೀನಿ’ ಅನ್ನೋ ಅಭ್ಯಾಸ ಆರು ವರ್ಷದ ಮಗುವಿಗೆ ಬರ್ತಿತ್ತಲ್ಲ, ಅದು ದೊಡ್ಡದು. ಮೂರನೇ ಕ್ಲಾಸ್ ಮುಗೀತು. ನಾಲ್ಕನೇ ಕ್ಲಾಸಿನ ಬಾಗಿಲು ದಾಟಿದ ತಕ್ಷಣ ಸಾಲು, ಬೆಂಚು, ಗಂಟೆ, "ಕೈ ಕಟ್ಟು, ಬಾಯ್ ಮುಚ್ಚು". ಅಷ್ಟು ದಿನ ಕಲಿಸಿದ್ದನ್ನ ಆ ಜೂನ್ ತಿಂಗಳಲ್ಲೇ ಮರೆಸಿದರು. ಈಗಲೂ ನಲಿ-ಕಲಿ ಮೂರಕ್ಕೇ ನಿಲ್ಲುತ್ತೆ.

ಆಮೇಲೆ ಒಂದು ಬಾರಿ ಮಾತ್ರ, ಒಂದೂವರೆ ವರ್ಷದಷ್ಟು ಕಾಲ, ಅದು ವಾಪಸ್ ಬಂದಿತ್ತು. ಆರನೇ ಕ್ಲಾಸಿಗೆ ಬಂದಾಗ ನಮಗೆ ಒಬ್ಬ ಹೊಸ ಮೇಷ್ಟ್ರು ಬಂದರು. ಶನಿವಾರ ಬೆಳಗಿನ ಶಾಲೆಯ ಕೊನೇ ಎರಡು ಪೀರಿಯಡ್ಡು ‘ನಿಮ್ಮದು’ ಅಂದುಬಿಟ್ಟರು. ನಾಲ್ಕು ಗುಂಪು: ಖೋ-ಖೋ, ಕೈತೋಟ, ನಾಟಕ-ಹಾಡು, ಕೈಕೆಲಸ. ಯಾವುದಾದ್ರೂ ಆರಿಸ್ಕೊಳ್ಳಿ, ಆದ್ರೆ ಆರಿಸಿದ ಮೇಲೆ ಒಂದು ತಿಂಗಳು ಬಿಡೋ ಹಾಗಿಲ್ಲ, ತಿಂಗಳಾದ ಮೇಲೆ ಬೇಕಾದ್ರೆ ಬದಲಾಯಿಸಿ. ಇಷ್ಟೇ ರೂಲ್ಸು. ಮಾರ್ಕ್ಸಿಲ್ಲ, ಬಹುಮಾನ ಇಲ್ಲ. ನಾನು ಓಡೋದು ತಪ್ಪಲಿ ಅಂತ ಕೈತೋಟ ತಗೊಂಡೆ. ಒಂದು ತಿಂಗಳು ಮಣ್ಣು ಅಗೆದು ಸಾಕಾಗಿ ನಾಟಕಕ್ಕೆ ಹಾರಿದೆ. ಅಲ್ಲಿ ನೆಲೆ ನಿಂತೆ. ಈಗ ಆಫೀಸಿನಲ್ಲಿ ಡೆಮೋ ಕೊಡುವಾಗ ಕಾಲು ನಡುಗದಿರೋದಕ್ಕೆ ಕಾರಣ ಇಂಜಿನಿಯರಿಂಗ್ ಕಾಲೇಜಿನ ಸಾಫ್ಟ್‌ಸ್ಕಿಲ್ ಟ್ರೈನಿಂಗ್ ಅಂತೂ ಅಲ್ಲ.

ಆದರೆ ನಾನು ಹೇಳಬೇಕಾಗಿರೋದು ನನ್ನ ಬಗ್ಗೆ ಅಲ್ಲ. ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಓದೋಕೆ ನಿಲ್ಲಿಸಿದರೆ ಅಕ್ಷರ ಕೂಡಿಸೋಕಾಗದೆ ಬೆವರ್ತಿದ್ದ. ದಿನಾ ಏಟು, ದಿನಾ ನಗು. ಅವರಪ್ಪ ಬೇರೆಯವರ ಬ್ಯಾರನ್ನಿನಲ್ಲಿ ಕೆಲಸಕ್ಕಿದ್ದ. ಕೈಕೆಲಸದ ಗುಂಪಿನಲ್ಲಿ ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆದು ಚೀಲ ಹೆಣೆಯೋದಿತ್ತು. ಇವನ ಬೆರಳು ನೋಡಬೇಕಿತ್ತು ನೀವು! ಸೊಪ್ಪು ಕಟ್ಟಿ ಕಟ್ಟಿ ಪಳಗಿದ ಕೈ, ಗಂಟು ಬೀಳೋದು ಕಣ್ಣಿಗೇ ಕಾಣ್ತಿರ್ಲಿಲ್ಲ. ಮೇಷ್ಟ್ರು ಎರಡನೇ ಶನಿವಾರ ತಾವು ಕೆಳಗೆ ಕೂತು ಅವನನ್ನ ಮುಂದೆ ನಿಲ್ಲಿಸಿ, "ನನಗೂ ಹೇಳ್ಕೊಡಪ್ಪ" ಅಂದರು. ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗ ಅವನ ಹತ್ತಿರ ಮೂರು ಸಲ ಬೈಸ್ಕೊಂಡ. ಅದಾದ ಮೇಲೆ ಅವನನ್ನ ನೋಡಿ ನಗೋದು ಕಮ್ಮಿಯಾಯ್ತು. ವಾರದಲ್ಲಿ ಎರಡು ದಿನ ಚಕ್ಕರ್ ಹೊಡೆದ್ರೂ ಶನಿವಾರ ಮಾತ್ರ ತಪ್ಪಿಸ್ತಿರ್ಲಿಲ್ಲ.

ಇನ್ನೊಬ್ಬಳು ನನ್ನ ಪಕ್ಕದ ಮನೆಯವಳು, ಖೋ-ಖೋದಲ್ಲಿ ಕಂಬದ ಹತ್ತಿರ ಸಿಕ್ಕಿದ್ರೂ ಮೀನಿನ ಹಾಗೆ ಜಾರಿ ಹೋಗೋಳು. ಸಂಜೆ ಬಯಲಲ್ಲಿ ಆಡಿದ್ದಕ್ಕೆ ಅವಳಿಗೆ ಮನೆಯಲ್ಲಿ ಬರೆ ಬೀಳೋದೊಂದು ಬಾಕಿ. "ಗಂಡುಬೀರಿ ಥರ..." ಅಂತ ಶುರುವಾದ್ರೆ ನಿಲ್ತಿರ್ಲಿಲ್ಲ. ಅದೇ ಅಮ್ಮ, ಶನಿವಾರ ಲಂಗಕ್ಕೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಬಂದಾಗ ಸುಮ್ಮನಿರ್ತಿದ್ದಳು. ಯಾಕಂದ್ರೆ ಅದು ಆಟ ಅಲ್ಲ, ಶಾಲೆ! ಶಾಲೆಯಲ್ಲಿ ಮೇಷ್ಟ್ರು ಮಾಡಿಸಿದ್ದು. ಟೈಂಟೇಬಲ್ಲಿನ ಒಳಗಿದ್ದರೆ ಯಾರ ಅಪ್ಪಣೆಯೂ ಬೇಡ. ಅದೇ ಕೆಲಸ ನಾಲ್ಕೂವರೆ ಗಂಟೆ ಮೇಲೆ ಆದ್ರೆ ಅಪ್ಪ, ಅಮ್ಮ, ಅಜ್ಜಿ, ಬಸ್ಸು, ಆನೆ ಎಲ್ಲರ ಅಪ್ಪಣೆ ಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಆಯ್ತಲ್ಲ, ಫೈನಲ್ಲಿನಲ್ಲಿ ನೇಪಾಳದ ಮೇಲೆ ಗೆದ್ದ ತಂಡದಲ್ಲಿ ನಮ್ಮ ಜಿಲ್ಲೆಯ ಟಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಟೀವಿಯಲ್ಲಿ ನೋಡ್ತಾ ನನಗೆ ಪಕ್ಕದ ಮನೆಯವಳೇ ಕಣ್ಣ ಮುಂದೆ ಬಂದಳು. ಎಲ್ಲರೂ ಚೈತ್ರಾ ಆಗಬೇಕು ಅಂತ ನಾನು ಹೇಳ್ತಿಲ್ಲ. ಆಗದೇ ಇರೋ ಮಿಕ್ಕ ಮೂವತ್ತು ಜನಕ್ಕೂ ಆ ಒಂದೂವರೆ ಗಂಟೆ ಬೇಕಿತ್ತು ಅಂತಷ್ಟೇ.

ಏಳನೇ ಕ್ಲಾಸಿನ ಮಧ್ಯದಲ್ಲಿ ಮೇಷ್ಟ್ರಿಗೆ ವರ್ಗ ಆಯ್ತು. ಶನಿವಾರದ ಪೀರಿಯಡ್ಡುಗಳು ‘ವಿಶೇಷ ತರಗತಿ’ಗೆ ಹೋದವು. ನಾರು, ಕತ್ತರಿ ಎಲ್ಲ ಬೀರು ಸೇರಿದವು. ಆ ಹುಡುಗ ಎಂಟನೇ ಕ್ಲಾಸಿಗೆ ಬರಲಿಲ್ಲ. ಪೀರಿಯಡ್ ನಿಂತಿದ್ದಕ್ಕೇ ಅವನು ಬಿಟ್ಟ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಮನೆಯಲ್ಲಿ ಸಾಲ ಇತ್ತು, ಅಪ್ಪ ಹುಷಾರಿರ್ಲಿಲ್ಲ, ಹತ್ತು ಕಾರಣ. ಆದರೆ ಹೋಗು ಅನ್ನೋಕೆ ಹತ್ತು ಕಾರಣ ಇದ್ದವನಿಗೆ ಬಾ ಅನ್ನೋಕೆ ಇದ್ದದ್ದು ಅದೊಂದೇ.

ಈ ವಿಷಯದಲ್ಲಿ ಮೈಸೂರಿನವರೇ ಒಬ್ಬರು ದೇಶದ ಮುಂದೆ ಮಾತಾಡಿದ್ದರು. ಆರ್.ಕೆ.ನಾರಾಯಣ್ 1986ರಲ್ಲಿ ರಾಜ್ಯಸಭೆಗೆ ನಾಮಕರಣ ಆದರು, 1989ರಲ್ಲಿ ಮಾಡಿದ ಮೊದಲ ಭಾಷಣದಲ್ಲಿ ಅವರು ಎತ್ತಿಕೊಂಡದ್ದು ಮಕ್ಕಳ ಸ್ಕೂಲ್ ಬ್ಯಾಗನ್ನ! ಭಾರಕ್ಕೆ ಬೆನ್ನು ಬಾಗಿದ ಮಕ್ಕಳಿಗೆ ಆಡೋಕೂ ಕನಸು ಕಾಣೋಕೂ ಹೊತ್ತಿಲ್ಲ ಅನ್ನೋದು ಅವರ ಸಂಕಟ. ಅದರ ಹಿಂದೆಯೇ 1992ರಲ್ಲಿ ಯಶಪಾಲ್ ಸಮಿತಿ, 1993ರಲ್ಲಿ ಅದರ ವರದಿ. ಬ್ಯಾಗಿನ ತೂಕಕ್ಕಿಂತ ಅರ್ಥವಾಗದೆ ಕಲಿಯೋದರ ತೂಕ ದೊಡ್ಡದು ಅಂತ ಆ ವರದಿ ಹೇಳಿತು. ನಮ್ಮ ರಾಜ್ಯ 2019ರಲ್ಲಿ ಸುತ್ತೋಲೆ ಹೊರಡಿಸಿ, ಒಂದು-ಎರಡನೇ ಕ್ಲಾಸಿಗೆ ಎರಡು ಕೆಜಿ ಮೀರಬಾರದು ಅಂತ ಶುರು ಮಾಡಿ ತರಗತಿವಾರು ತೂಕ ನಿಗದಿ ಮಾಡಿತು, ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಅಂದಿತು. ಒಳ್ಳೇದೇ. ಆದರೆ ನಾರಾಯಣ್ ಕೇಳಿದ್ದು ಹೊತ್ತು, ಸಿಕ್ಕಿದ್ದು ತಕ್ಕಡಿ.

ನಾನು ಇಂಜಿನಿಯರ್ ಅಲ್ವಾ, ಲೆಕ್ಕ ಹಾಕದಿದ್ರೆ ನಿದ್ದೆ ಬರಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 220 ದಿನ, 1000 ಗಂಟೆ ಪಾಠ ಆಗಬೇಕು. ದಿನಕ್ಕೆ 40 ನಿಮಿಷದ ಒಂದು ಪೀರಿಯಡ್ಡು ಮಕ್ಕಳ ಆಯ್ಕೆಗೆ ಬಿಟ್ಟರೆ ವರ್ಷಕ್ಕೆ ಸುಮಾರು 147 ಗಂಟೆ. ಅಂದರೆ ಹೆಚ್ಚುಕಮ್ಮಿ ನೂರಕ್ಕೆ 15. ಈ ಸಂಖ್ಯೆ ನೋಡಿ ನನಗೆ ನಗು ಬಂತು. ಅಮೆರಿಕದ 3ಎಂ ಕಂಪನಿ ತನ್ನ ಇಂಜಿನಿಯರುಗಳಿಗೆ ಇಷ್ಟ ಬಂದ ಕೆಲಸಕ್ಕೆ ಅಂತ ಬಿಡೋದೂ ನೂರಕ್ಕೆ 15. ಗೂಗಲ್ ಇನ್ನೂ ಧಾರಾಳಿ, 2004ರಲ್ಲಿ ಶೇರು ಮಾರುಕಟ್ಟೆಗೆ ಬಂದಾಗ ಅದರ ಸ್ಥಾಪಕರು ಬರೆದ ಪತ್ರದಲ್ಲಿ ನೂರಕ್ಕೆ 20 ಅಂದಿದ್ದರು, ಗೂಗಲ್ ನ್ಯೂಸ್ ಹುಟ್ಟಿದ್ದು ಆ ಹೊತ್ತಿನಲ್ಲೇ ಅಂತ ಹೆಮ್ಮೆ ಪಟ್ಟಿದ್ದರು. ಲಕ್ಷಗಟ್ಟಲೆ ಸಂಬಳ ತಗೊಳ್ಳೋ ದೊಡ್ಡವರಿಗೆ ಇಷ್ಟ ಬಂದದ್ದು ಮಾಡೋಕೆ ಹೊತ್ತು ಬೇಕು ಅಂತ ಜಗತ್ತು ಒಪ್ಪುತ್ತೆ. ಹನ್ನೊಂದು ವರ್ಷದ ಮಗು ಕೇಳಿದ್ರೆ ಪೋರ್ಷನ್ ಮುಗಿದಿಲ್ಲ! (ಫಿನ್‌ಲೆಂಡ್ ಉದಾಹರಣೆ ಕೊಡ್ತೀನಿ ಅಂತ ಕಾಯ್ತಿದ್ದೀರಾ? ಕೊಡಲ್ಲ. ಕೋಟೆ ಇರುವಾಗ ಫಿನ್‌ಲೆಂಡ್ ಯಾಕೆ.)

"ಮೊದಲು ನೆಟ್ಟಗೆ ಓದೋಕೆ ಬರೆಯೋಕೆ ಬರಲಿ, ಆಮೇಲೆ ನಿನ್ನ ಚೀಲ ಹೆಣಿಗೆ" ಅನ್ನೋರಿದ್ದಾರೆ. ನನ್ನ ಅಪ್ಪನೇ ಅಂತಾರೆ. ಅದನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಐದನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದೋಕೆ ಬರಲ್ಲ ಅಂತ ‘ಅಸರ್’ ವರದಿಗಳು 2005ರಿಂದಲೂ ಹೇಳ್ತಾನೇ ಇವೆ. ಆದರೆ ಓದೋಕೆ ಬಾರದ ಮಗುವಿಗೆ ಕಿತ್ತುಕೊಂಡ ಪಿ.ಟಿ. ಪೀರಿಯಡ್ಡಲ್ಲಿ ಸಿಗೋದು ಏನು? ಅದೇ ಮೇಷ್ಟ್ರು, ಅದೇ ಪಾಠ, ಸ್ವಲ್ಪ ಜಾಸ್ತಿ ಜೋರು ದನಿಯಲ್ಲಿ. ಬೆಳಿಗ್ಗೆ ಅರ್ಥ ಆಗದ್ದು ಮಧ್ಯಾಹ್ನ ಮೂರೂವರೆಗೆ ಅರ್ಥ ಆಗುತ್ತಾ? ನಾಟಕದ ಮಾತು ಬಾಯಿಪಾಠ ಮಾಡಬೇಕು ಅಂತ ನಮ್ಮ ಗುಂಪಿನ ಇಬ್ಬರು ಆ ಹಾಳೆಯನ್ನ ಬೆರಳಿಟ್ಟು ಬೆರಳಿಟ್ಟು ಓದಿದ್ದು ನಾನೇ ನೋಡಿದೀನಿ. ಎಲ್ಲರಿಗೂ ಹಾಗಾಗುತ್ತೆ ಅಂತಲ್ಲ.

ಇನ್ನು ಮೇಷ್ಟ್ರುಗಳ ಕಷ್ಟ. ಬಿಸಿಯೂಟ, ಮೊಟ್ಟೆ ಲೆಕ್ಕ, ಆ್ಯಪಿನಲ್ಲಿ ಹಾಜರಿ, ಚುನಾವಣೆ... 2025ರಲ್ಲಿ ಜಾತಿ ಸಮೀಕ್ಷೆಗೆ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು, ಮನೆ ಮನೆ ಸುತ್ತಿದ್ದು ಇದೇ ಮೇಷ್ಟ್ರುಗಳು. ಅವರ ತಲೆ ಮೇಲೆ ಇನ್ನೊಂದು ಹೊರೆ ಇಡಬೇಡಿ. ಕಾಯ್ದೆಯಲ್ಲೇ ಬರೆದಿದೆ, ನೂರಕ್ಕಿಂತ ಹೆಚ್ಚು ಮಕ್ಕಳಿರೋ ಹಿರಿಯ ಪ್ರಾಥಮಿಕ ಶಾಲೆಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕೈಕೆಲಸಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ. ನೂರು ಮಕ್ಕಳಿಲ್ಲದ ಸಣ್ಣ ಶಾಲೆಗೆ ಊರಿನವರು ಸಾಲದಾ? ಬುಟ್ಟಿ ಹೆಣೆಯೋರು, ತಮಟೆ ಬಾರಿಸೋರು, ಪಂಪ್‌ಸೆಟ್ ಬಿಚ್ಚಿ ಕಟ್ಟೋರು ಇಲ್ಲದ ಊರು ಈ ನಾಲ್ಕು ತಾಲ್ಲೂಕಿನಲ್ಲಿ ಒಂದೂ ಇಲ್ಲ. ಜೇನುಕುರುಬರ ಹಾಡಿಗಳಲ್ಲಿ ಜೇನು, ಗೆಡ್ಡೆ-ಗೆಣಸು, ಮರ-ಬಳ್ಳಿ ಬಗ್ಗೆ ಅಜ್ಜಂದಿರಿಗೆ ಗೊತ್ತಿರೋದನ್ನ ನಾವು ಯಾವ ಪರೀಕ್ಷೆಯಲ್ಲೂ ಕೇಳಲ್ಲ. ವಾರಕ್ಕೊಂದು ದಿನ ಆ ಅಜ್ಜ ಶಾಲೆಯ ಗೇಟು ದಾಟಿ ಒಳಗೆ ಬಂದು ಕೂತರೆ ಖರ್ಚೇನು, ಒಂದು ಲೋಟ ಟೀ.

ಒಂದೇ ಒಂದು ಷರತ್ತು, ಆರಿಸೋದು ಮಗುವೇ ಆಗಿರಬೇಕು. ಪ್ರತಿಭಾ ಕಾರಂಜಿಯಲ್ಲಿ ಆಗೋ ಹಾಗೆ ಮೊದಲೇ ಚೆನ್ನಾಗಿ ಹಾಡೋ ನಾಲ್ಕು ಮಕ್ಕಳನ್ನ ಮೇಷ್ಟ್ರು ಆರಿಸಿ, ಮಿಕ್ಕವರು ಚಪ್ಪಾಳೆ ತಟ್ಟೋದಲ್ಲ. ಅದೂ ಇರ್ಲಿ, ಆದ್ರೆ ಅದು ಬೇರೆ.

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗಳನ್ನ ಕೇಳಿದೆ. ಆರನೇ ಕ್ಲಾಸು, ಊರಿನ ಸರ್ಕಾರಿ ಶಾಲೆ. ಈ ಸಲ ಸಂಭ್ರಮ ಶನಿವಾರ ಏನ್ ಮಾಡಿದ್ರೇ? "ಎಲ್ಲರೂ ರಸ್ತೆ ಸುರಕ್ಷತೆ ಚಿತ್ರ ಬಿಡಿಸಿದ್ವಿ ಚಿಕ್ಕಿ." ನಿಂಗೇನ್ ಮಾಡ್ಬೇಕು ಅಂತಿತ್ತು? ಸುಮಾರು ಹೊತ್ತು ಯೋಚನೆ ಮಾಡಿದಳು. ಅಡುಗೆಮನೆ ಕಡೆ ಒಂದ್ಸಲ ನೋಡಿ, ಸಣ್ಣ ದನಿಯಲ್ಲಿ, "ಡ್ರಮ್ಮು" ಅಂದಳು. ಶಾಲೆಯಲ್ಲಿ ಒಂದು ಡ್ರಮ್ಮಿದೆಯಂತೆ, ಆಫೀಸ್ ರೂಮಿನ ಬೀರುವಿನ ಮೇಲೆ. ಆಗಸ್ಟ್ ಹದಿನೈದಕ್ಕೆ ಒಂದ್ಸಲ, ಜನವರಿ ಇಪ್ಪತ್ತಾರಕ್ಕೆ ಒಂದ್ಸಲ ಇಳಿಸ್ತಾರಂತೆ. ಬಾರಿಸೋದು ಏಳನೇ ಕ್ಲಾಸಿನ ಒಬ್ಬ ಹುಡುಗ.